ದೀಕ್ಷಾಸ್ನಾನದ ತೊಟ್ಟಿ

ಗಲಗಲಿ ಹತ್ತಿರದ ನಮ್ಮೂರಿನಲ್ಲಿ ಬ್ಯಾಪ್ಟಿಸ್ಟರ ಒಂದು ಸಣ್ಣ ಚರ್ಚು ಇತ್ತು. ಕರಿಕಲ್ಲಿನ ಗೋಡೆ, ಮೇಲೆ ಹಂಚು. ಶಿಲುಬೆ ಇರದಿದ್ದರೆ ಶಾಲೆ ಎನ್ನಬೇಕು. ಉಪದೇಶದ ಕಟ್ಟೆಯ ಮುಂದೆ, ನೆಲದೊಳಗೆ ಇಳಿಸಿ ಕಟ್ಟಿ ಸಾಗವಾನಿ ಹಲಗೆ ಮುಚ್ಚಿದ ಕಲ್ಲಿನ ತೊಟ್ಟಿ. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸುವುದಿಲ್ಲ. ತಿಳಿವಳಿಕೆ ಬಂದ ಮೇಲೆ ಪೂರ್ತಿ ಮುಳುಗಿಸುತ್ತಾರೆ. ನಾನೂ ಅದರಲ್ಲೇ ಮುಳುಗಿ ಎದ್ದವನು.

ಆಲಮಟ್ಟಿಯ ಹಿನ್ನೀರು ಹೊಲಕ್ಕೆ ಬಂದಾಗ ನಮ್ಮ ಜನ ಪುನರ್ವಸತಿ ಊರಿಗೆ ಹೋದರು. ಚರ್ಚು ದಿನ್ನೆಯ ಮೇಲಿದ್ದುದರಿಂದ ಮುಳುಗಲಿಲ್ಲ, ಪ್ರಾರ್ಥನೆ ಮಾತ್ರ ನಿಂತಿತು. ಕೀಲಿಕೈ ಹಳೇ ಊರಲ್ಲೇ ಉಳಿದ ನನ್ನ ಸೋದರತ್ತೆಯ ಹತ್ತಿರ ಇತ್ತು.

ಮುಧೋಳದಲ್ಲಿ ಮಾಸ್ತರನಾಗಿದ್ದ ನಾನು ಕೆಲವು ವರ್ಷಗಳ ನಂತರ ಬೇಸಿಗೆ ರಜೆಯಲ್ಲಿ ಆಕೆಯನ್ನು ನೋಡಲು ಹೋದೆ. ಚರ್ಚಿನ ಬಾಗಿಲಿಗೆ ಹೊಸ ಕೀಲಿ. ಸಂದಿಯಲ್ಲಿ ಇಣುಕಿದರೆ ಕಂಡದ್ದು ತೊಟ್ಟಿಯ ಒಂದು ಮೂಲೆ ಮಾತ್ರ; ಅದರ ಮೇಲೆ ಹಲಗೆಗಳೇ ಇಲ್ಲ.

"ಹಲಗಿ ಎಲ್ಲಿ ಹೋದವು, ಅತ್ತಿ?"

"ಇರ್ತಾವ ಬಿಡೋ ಎಲ್ಲೋ. ನೀ ಮೊದಲ ಉಣ್ಣು."

ಆಕೆ ನನ್ನ ಮುಖ ನೋಡಲಿಲ್ಲ. ಬಡಿಸುವಾಗಲೂ ಕಣ್ಣು ಹೊರಗಿನ ದಾರಿಯ ಮೇಲೆ. ಯಾರಿಗೋ ಎರಡು ರೊಟ್ಟಿ ಕಟ್ಟಿಟ್ಟಿದ್ದಳು. ಅತ್ತೆ ಹಲಗೆ ಮಾರಿದ್ದಾಳೆ, ಇನ್ನು ಹಂಚು, ಆಮೇಲೆ ಕಲ್ಲು ಎಂದುಕೊಂಡೆ. ಕೇಳಿ ತಿಳಿಯುವ ತಾಳ್ಮೆ ನನಗಿರಲಿಲ್ಲ. ಮರುದಿನವೇ ಪುನರ್ವಸತಿ ಊರಿಗೆ ಹೋಗಿ, ಸಭೆಯ ಹಿರಿಯರಿಬ್ಬರನ್ನು ಕರೆದುಕೊಂಡು ಬಂದೆ.

ಈ ಸಲ ಬಾಗಿಲು ಒಳಗಿನಿಂದ ಹಾಕಿತ್ತು. ಕಟಕ್ ಕಟಕ್ ಎಂಬ ಸಪ್ಪಳ. ಬಡಿದೆವು; ಸಪ್ಪಳ ನಿಂತಿತು. ಬಾಗಿಲು ತೆಗೆದವಳು ನಲವತ್ತರ ಆಸುಪಾಸಿನ ಹೆಂಗಸು, ಕೂದಲಿಗೆ ನೂಲಿನ ಎಳೆ ಅಂಟಿತ್ತು. ತೊಟ್ಟಿಯೊಳಗೆ ಕಾಲು ಇಳಿಬಿಟ್ಟು ನೇಯುವಂತೆ ಕೈಮಗ್ಗ ಹೂಡಿದ್ದಳು. ಹಲಗೆಗಳು ಒಂದೂ ಕಡಿಮೆಯಾಗದೆ ಗೋಡೆಗೆ ಆನಿಕೊಂಡಿದ್ದವು.

ಅತ್ತೆ ಓಡಿ ಬಂದಳು. "ಬನಹಟ್ಟಿಯಾಕಿರಿ. ಸಂತ್ಯಾಗ ಕುಪ್ಪಸದ ಖಣ ಮಾರಾಕ ಬರ್ತಿದ್ಲು, ಅಲ್ಲೇ ಗುರ್ತಾತು. ಗಂಡ ಇಲ್ಲ. ಮನ್ಯಾಗ ಪಾವರ್‌ಲೂಮ್ ಬಂದ ಮ್ಯಾಲ ಮೈದುನರು ಈಕಿ ಮಗ್ಗ ಅಂಗಳಕ್ಕ ಒಗದ್ರು. ಮಗ್ಗಕ್ಕ ಗುಣಿ ತೋಡೂದು ಬ್ಯಾಡ, ತಯಾರ ಐತಿ ಬಾ ಅಂತ ನಾನ ಕರದೆ."

"ಒಂದ್ ಮಾತು ಹೇಳಬೇಕಿಲ್ಲೇನು?" ಎಂದರು ಒಬ್ಬ ಹಿರಿಯರು.

"ಹೇಳಿದ್ರ ಬಿಡ್ತಿದ್ರೇನು?"

ಅವರು ಬಿಡಲೂ ಇಲ್ಲ. ಸಂಜೆಯೊಳಗೆ ಆ ಹೆಂಗಸು ಮಗ್ಗ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದಳು. ಹೋಗುವ ಮೊದಲು ಹಲಗೆಗಳನ್ನು ಒಂದೊಂದಾಗಿ ತಂದು ತೊಟ್ಟಿ ಮುಚ್ಚಿದಳು. ನಾನು ಕೈ ಹಚ್ಚಲು ಹೋದೆ. "ಬ್ಯಾಡ್ರಿ," ಎಂದಳು.

ಎರಡು ಮಳೆಗಾಲದಲ್ಲಿ ಚರ್ಚಿನ ಮಾಡು ಕುಸಿಯಿತು. ಅತ್ತೆ ನನ್ನೊಡನೆ ಮಾತು ಬಿಡಲಿಲ್ಲ. ಆದರೆ ನಾನು ಹೊಸ್ತಿಲು ದಾಟುವ ಮುನ್ನ, ನನ್ನ ಹೆಗಲ ಹಿಂದೆ ಇಣುಕಿ ನೋಡಿ ಕೇಳುತ್ತಿದ್ದಳು: "ಒಬ್ಬನ ಬಂದಿಯೇನೋ?"