ಒಂದು ಗರಗಸಕ್ಕೆ ಒಂದೇ ಕೈ

ಬಡಗಿಯಾದ ನನ್ನ ಮಾವನವರು ಹೊಸ ಗರಗಸ ಕೊಂಡವರಲ್ಲ. ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದದ್ದನ್ನು ಎತ್ತಿ, ಅಲಗು ಬಾಗಿಸಿ ಬಿಡುತ್ತಾರೆ. ಅದು ನೆಟ್ಟಗೆ ವಾಪಸು ಬಂದರಷ್ಟೇ ಮನೆಗೆ ತರುತ್ತಾರೆ. ಅದರ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡುವವರು ಮಾತ್ರ ಒಬ್ಬರೇ ಇರಬೇಕು, ಒಬ್ಬೊಬ್ಬರ ಕೈಯ ಓರೆ ಒಂದೊಂದು ಥರ ಎನ್ನುತ್ತಾರೆ.

ಅವರ ಕಣ್ಣು ಮಂಜಾದಾಗ ಆ ಕೆಲಸ ನನಗೇ ಬರುತ್ತದೆಂದು ಕಾದಿದ್ದೆ. "ಎಳೆಮಗು ಇಟ್ಕೊಂಡು ನಿನಗೆಲ್ಲಿ ಪುರುಸೊತ್ತು ತಾಯಿ?" ಎಂದು ಅರವನ್ನು ನನ್ನ ಓರಗಿತ್ತಿಗೆ ಕೊಟ್ಟರು. ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಇವತ್ತು ಮಗುವನ್ನು ಮಲಗಿಸಿ, ಯಾರೂ ಇಲ್ಲದಾಗ ನಾನೇ ಕೂತು, ಅವಳು ಉಜ್ಜಿಟ್ಟಿದ್ದ ಗರಗಸದ ಅರ್ಧ ಹಲ್ಲುಗಳನ್ನು ಮತ್ತೆ ಉಜ್ಜಿದೆ. ಮಧ್ಯಾಹ್ನ ಮಾವನವರು ಹಲಗೆ ಕೊಯ್ದರೆ ಗರಗಸ ಗೆರೆ ಬಿಟ್ಟು ಪಕ್ಕಕ್ಕೆ ಓಡಿತು. ಒಳ್ಳೆಯ ಹಲಗೆ ಹಾಳಾಯಿತು.

"ನಿದ್ದೆಗಣ್ಣಲ್ಲಿ ಉಜ್ಜಿದ್ಯೇನೇ?" ಎಂದು ಓರಗಿತ್ತಿಯನ್ನು ಗದರಿದರು. ಅವಳ ಕಣ್ಣು ತುಂಬಿತು. ಒಂದು ಗಳಿಗೆ ನನಗೆ ಖುಷಿಯೇ ಆಯಿತು, ಬರೆಯಲು ನಾಚಿಕೆ. ಆಮೇಲೆ ತಡೆಯಲಾಗಲಿಲ್ಲ. "ಮಾವ, ಅದು ನಾನು ಉಜ್ಜಿದ್ದು" ಅಂದೆ.

ಅವರು ಹಲ್ಲುಗಳ ಮೇಲೆ ಬೆರಳಾಡಿಸಿದರು. "ಕೈಯೇನೋ ಪರವಾಗಿಲ್ಲ. ಆದರೆ ಒಂದು ಗರಗಸಕ್ಕೆ ಎರಡು ಕೈ ಆಗಲ್ಲ, ಇಬ್ಬರಲ್ಲಿ ಒಬ್ಬರು ಅರ ಬಿಡಿ."

ಓರಗಿತ್ತಿ ಮೂಗೊರೆಸಿಕೊಂಡಳು. "ಬಾಯಿಬಿಟ್ಟು ಕೇಳಬಾರದಿತ್ತಾ ಅಕ್ಕ? ಆ ಕಿರ್ ಸದ್ದಿಗೆ ನನ್ನ ಮೈಯೆಲ್ಲ ಜುಂ ಅನ್ನುತ್ತೆ. ನೀನೇ ಉಜ್ಜು, ಮಗೂನ ನಾನು ಎತ್ಕೋತೀನಿ."

ನಾಳೆಯಿಂದ ಅರ ನನ್ನದು. ಸಂಜೆಯೇ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡಳು. ನನ್ನ ಹತ್ತಿರ ರಂಪ ಮಾಡುವ ಮಗು ಅಲ್ಲಿ ಕಿಲಕಿಲ ನಗುತ್ತಿತ್ತು. ನೋಡಿ ಮತ್ತೆ ಹೊಟ್ಟೆ ಉರಿಯಿತು.