ಖಾಲಿ ಕುರ್ಚಿಗೆ ನುಡಿಸಿದ್ದು

ಇದು ನನಗೇ ಆದದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ಆದರೆ ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ನೆನಪು ಫೋಟೋ ಅಲ್ಲ, ತೆಗೆದು ನೋಡಿದಾಗಲೆಲ್ಲ ನಾವೇ ಅದನ್ನು ಸ್ವಲ್ಪ ತಿದ್ದುತ್ತೇವೆ ಎಂದು ಓದಿದ್ದೇನೆ. ಹಾಗಾಗಿ ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಹೇಳುತ್ತೇನೆ.

ಕಡೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ ಕ್ಲಾಸಿಕಲ್ ಗಿಟಾರ್ ಕಲಿಸುತ್ತೇನೆ. ನೈಲಾನ್ ತಂತಿ, ಎಡಗಾಲಿನ ಕೆಳಗೆ ಪುಟ್ಟ ಮಣೆ, ಬಲಗೈಯಲ್ಲಿ ಬೆಳೆಸಿದ ಉಗುರು. ತಂತಿ ಮೀಟುವುದು ಆ ಉಗುರಿನಿಂದಲೇ. ನುಡಿಸುವ ಮುಂಚೆ ಸಣ್ಣ ಸ್ಯಾಂಡ್‌ಪೇಪರಿನಿಂದ ಅದರ ಅಂಚನ್ನು ಉಜ್ಜಿ ನುಣುಪು ಮಾಡಿಕೊಳ್ಳಬೇಕು. ಸರ್ರ್... ಸರ್ರ್... ಉಜ್ಜಿದಾಗ ಕೊಂಬು ಸುಟ್ಟಂಥ ಒಂದು ವಾಸನೆ ಬರುತ್ತದೆ. ನಮ್ಮ ಕಸುಬಿನವರಿಗೆ ಅದು ಸಂಗೀತ ಕಚೇರಿಯ ವಾಸನೆ.

ಏಳು ವರ್ಷಗಳ ಹಿಂದೆ ಮೈಸೂರಿನ ಒಂದು ವೇದಿಕೆಯ ಮೇಲೆ ನನ್ನ ಬಲಗೈ ನಿಂತುಹೋಗಿತ್ತು. ನೋವಿರಲಿಲ್ಲ. ಕೈ ನನ್ನದಲ್ಲ ಎನ್ನುವಂತೆ ತಂತಿಯ ಮೇಲೆ ಬಿದ್ದಿತ್ತು. ಎದ್ದು ಒಳಗೆ ಹೋದವನು ಮತ್ತೆ ವೇದಿಕೆ ಹತ್ತಿರಲಿಲ್ಲ.

ವೇದಿಕೆ ಬಿಟ್ಟವನು ಬೇರೆಯವರಿಗೆ ಸಭೆಯ ಭಯ ಬಿಡಿಸುವ ಮೇಷ್ಟ್ರಾದೆ. ನನ್ನದೊಂದು ಪದ್ಧತಿ ಇದೆ. ಎದುರಿಗೆ ಒಂದು ಖಾಲಿ ಕುರ್ಚಿ ಇಡಬೇಕು. ಅದರಲ್ಲಿ ಕೇಳುಗ ಕೂತಿದ್ದಾನೆ ಎಂದುಕೊಂಡು ನುಡಿಸಬೇಕು. ತಪ್ಪಾದರೂ ನಡುವೆ ನಿಲ್ಲಿಸುವಂತಿಲ್ಲ. ಮುಗಿದ ಮೇಲೆ ಕುರ್ಚಿಗೆ ನಮಸ್ಕರಿಸಿ ಅದನ್ನು ಗೋಡೆಯ ಕಡೆ ತಿರುಗಿಸಬೇಕು. ಸಭೆ ಮುಗಿಯಿತು ಎಂದು ಮನಸ್ಸಿಗೆ ತಿಳಿಸಲು ಅಷ್ಟೆ.

ಯಗಟಿಯಿಂದ ಬಸ್ಸಿನಲ್ಲಿ ಬಂದು ಕಲಿಯುವ ಗಿರಿಜಮ್ಮನಿಗೆ ಇದು ಹಿಡಿಸಿರಲಿಲ್ಲ. ಆಕೆ ಅಂಗನವಾಡಿ ಟೀಚರ್, ನನಗಿಂತ ದೊಡ್ಡವರು.

"ಖಾಲಿ ತೊಟ್ಲು ತೂಗ್ಬಾರ್ದು ಅಂತಾರಲ್ಲ ಸಾರ್, ಇದೂ ಹಂಗೇಯ. ಖಾಲಿ ಕುರ್ಚಿಗೆ ಬಾರ್ಸೋದು ಯಾಕೋ ಸರಿ ಕಾಣಲ್ಲ."

"ತೊಟ್ಲು ತೂಗಿದ್ರೆ ಏನಾಗುತ್ತಂತೆ?"

"ಏನಾಗ್ತದೋ ನಂಗೇನ್ ಗೊತ್ತು. ಯಾರೂ ತೂಗಿ ನೋಡಿಲ್ವಲ್ಲ." ಆಕೆ ನಕ್ಕರು. "ನಮ್ ಅಂಗನವಾಡಿ ಮಕ್ಳನ್ನ ತಂದು ಕೂರಿಸ್ತೀನಿ ಬಿಡಿ. ಅವ್ರ್ ಮುಂದೆ ಬಾರ್ಸಿದ್ರೆ ಇನ್ಯಾವ ಸಭೆಗೂ ಹೆದರ್ಬೇಕಾಗಿಲ್ಲ."

ಹೋದ ವರ್ಷ ಅಜ್ಜಂಪುರದ ಪರಿಚಯದವರು ಒಂದು ಭಾನುವಾರದ ಕಚೇರಿಗೆ ಕರೆದರು. ಒಪ್ಪಿಕೊಂಡೆ. ಈ ಸಲವೂ ಕೈ ನಿಂತರೆ ವೇದಿಕೆಯ ಮಾತನ್ನೇ ಎತ್ತುವುದಿಲ್ಲ ಎಂದು ನಿರ್ಧರಿಸಿದ್ದೆ.

ಹಿಂದಿನ ದಿನ ಸಂಜೆ ಏಳೂವರೆಗೆ ಅಭ್ಯಾಸಕ್ಕೆಂದು ಅಲ್ಲಿಗೆ ಹೋದೆ. ರೈಲು ಹಳಿಯ ಹತ್ತಿರದ ಹಳೆಯ ಸಭಾಂಗಣ ಅದು. ಬೀಗದ ಕೈ ಇದ್ದದ್ದು ಅಲ್ಲಿನ ಕಾವಲುಗಾರ ನಜೀರ್ ಸಾಬರ ಹತ್ತಿರ.

"ನೀವು ಬಾರ್ಸ್ಕಳಿ ಮೇಷ್ಟ್ರೇ. ನಾನಿಲ್ಲೇ ಮೆಟ್ಲ ಮೇಲೆ ಕುಂತಿರ್ತೀನಿ. ಒಳ್ಗೆ ಸೊಳ್ಳೆ ಜಾಸ್ತಿ. ನೀವ್ ಬಾರ್ಸೋದ್ ಕೇಳಕ್ಕೆ ಅವೂ ಬತ್ತವೆ, ಟಿಕೆಟ್ ಇಲ್ದೆ."

ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿದ್ದರು. ಒಂದನ್ನು ಬಿಡಿಸಿ ಎದುರಿಗಿಟ್ಟೆ. ವೇದಿಕೆಯ ಮೇಲೆ ಒಂದೇ ಬಲ್ಬು ಉರಿಯುತ್ತಿತ್ತು, ಕುರ್ಚಿ ಅರೆಗತ್ತಲಲ್ಲಿತ್ತು. ಕೈ ನಡುಗದಿರಲೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಆಗಲೇ ನುಂಗಿದ್ದೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಕಾಲಿನ ಹತ್ತಿರ ಇಟ್ಟು ಶುರು ಮಾಡಿದೆ.

ಕೊನೆಯ ಭಾಗ ಟ್ರೆಮೊಲೊ. ಒಂದೇ ತಂತಿಯನ್ನು ಮೂರು ಬೆರಳು ಒಂದರ ಹಿಂದೊಂದು ಬೇಗಬೇಗ ಮೀಟುವುದು. ನಾದ ಎಲ್ಲೂ ತುಂಡಾಗಬಾರದು. ಮೈಸೂರಿನಲ್ಲಿ ಕೈ ನಿಂತದ್ದು ಅಲ್ಲಿಯೇ.

ಇಲ್ಲೂ ಅಲ್ಲಿಯೇ ನಿಂತಿತು.

ಉಂಗುರ ಬೆರಳಿನ ಉಗುರು ತಂತಿಗೆ ಸಿಕ್ಕಿ ಬುಡದವರೆಗೆ ಮುರಿಯಿತು. ಬಿಳಿ ಚೂರು ಪ್ಯಾಂಟಿನ ಮೇಲೆ ಬಿದ್ದದ್ದನ್ನು ನೋಡಿದೆ. ಬಲಗೈ ತೊಡೆಗೆ ಜಾರಿತು... ಸುಮ್ಮನೆ ಕೂತೆ. ಹೊರಗೆ ಗೂಡ್ಸ್ ರೈಲೊಂದು ನಿಧಾನವಾಗಿ ಹಾದುಹೋಯಿತು. ಕಿಟಕಿಗಳು ಅದುರಿದವು. ರೈಲು ದೂರವಾಯಿತು.

ಆಮೇಲೆ ಆ ಸದ್ದು ಕೇಳಿತು.

ಸರ್ರ್... ಸರ್ರ್...

ಕುರ್ಚಿಯ ಕಡೆಯಿಂದ. ಆತುರವಿಲ್ಲದೆ, ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟು ಬಿಡುವು ಕೊಟ್ಟು. ಹಿಂದೆಯೇ ಕೊಂಬು ಸುಟ್ಟಂಥ ವಾಸನೆ. ನನ್ನ ಸ್ಯಾಂಡ್‌ಪೇಪರ್ ನನ್ನ ಜೇಬಿನಲ್ಲೇ ಇತ್ತು. ಮುಟ್ಟಿ ನೋಡಿಕೊಂಡೆ.

ನನಗೆ ಭಯವಾಗಲಿಲ್ಲ. ಈಗ ನೆನೆದರೆ ಅದೇ ಸರಿಯೆನಿಸುವುದಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಮೈ ಬೆವರಲಿಲ್ಲ. ಬೇರೆ ಯಾರದೋ ಮನೆಯ ಗಡಿಯಾರ ಕೇಳಿದ ಹಾಗೆ ಕೇಳುತ್ತ ಕೂತಿದ್ದೆ. ಸದ್ದು ನಿಂತ ಮೇಲೆ ರೆಕಾರ್ಡಿಂಗ್ ಆಫ್ ಮಾಡಿ, ಗಿಟಾರನ್ನು ಪೆಟ್ಟಿಗೆಗೆ ಹಾಕಿ ಎದ್ದೆ. ನಮಸ್ಕರಿಸಲಿಲ್ಲ. ಕುರ್ಚಿಯನ್ನು ತಿರುಗಿಸಲೂ ಇಲ್ಲ. ನನ್ನ ಪದ್ಧತಿಯನ್ನು ನಾನೇ ಮುರಿದದ್ದು ಅದೊಂದೇ ಸಲ.

ಹೊರಗೆ ನಜೀರ್ ಸಾಬರು ಬೀಡಿ ಹೊಸಕಿ ಎದ್ದರು. "ಚೆನ್ನಾಗಿತ್ತು ಮೇಷ್ಟ್ರೇ. ಅದೇ ಕೊನೇದು... ನೀರು ಹರ್ದಂಗಿತ್ತು."

"ಕೊನೇದು ನುಡಿಸ್ಲಿಲ್ಲ ಸಾಬ್ರೇ. ಅರ್ಧಕ್ಕೇ ನಿಲ್ಲಿಸ್ಬಿಟ್ಟೆ."

ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲಿ ನಿಲ್ಸಿದ್ರಿ? ಗೂಡ್ಸ್ ಗಾಡಿ ಹೋಗೋವಾಗ್ಲೂ ಬಾರ್ಸ್ತಾನೇ ಇದ್ರಲ್ಲ. ಇಷ್ಟು ಗಲಾಟೇಲೂ ಬಿಡ್ಲಿಲ್ವಲ್ಲಪ್ಪ ಅಂತ ಅಂದ್ಕಂಡೆ."

ಕಡೂರಿಗೆ ಬಂದು ರೆಕಾರ್ಡಿಂಗ್ ಕೇಳಿದೆ. ಕೈ ನಿಂತ ಆ ಜಾಗ ಬಂತು. ನಾದ ತುಂಡಾಗಲಿಲ್ಲ. ರೈಲು ಬಂತು, ಕಿಟಕಿ ಅದುರಿತು, ಅದರ ಅಡಿಯಲ್ಲಿ ಟ್ರೆಮೊಲೊ ಹರಿಯುತ್ತಲೇ ಇತ್ತು, ಕೊನೆಯ ಸ್ವರದವರೆಗೂ. ಆಮೇಲೆ ನಿಶ್ಶಬ್ದ, ನಾನು ಆಫ್ ಮಾಡಿದ ಸದ್ದು. ಉಗುರು ಉಜ್ಜುವ ಸದ್ದು ಮಾತ್ರ ಅದರಲ್ಲಿಲ್ಲ.

ವಿವರಣೆ ಕಷ್ಟವಲ್ಲ. ನಾನು ಪೂರ್ತಿ ನುಡಿಸಿದ್ದೆ. ಮಾತ್ರೆಯ ಮಂಪರಿನಲ್ಲಿ ಮೈಸೂರಿನ ನೆನಪು ಬಂದು ಇದರ ಮೇಲೆ ಕೂತಿತು. ಬೇರೆ ಯಾರಾದರೂ ಬಂದು ಹೇಳಿದ್ದರೆ ನಾನು ಹೀಗೆಯೇ ಸಮಾಧಾನ ಮಾಡುತ್ತಿದ್ದೆ. ಆದರೆ ಉಂಗುರ ಬೆರಳಿನ ಉಗುರು ಇರಲಿಲ್ಲ. ಅದಿಲ್ಲದೆ ಮೀಟಿದರೆ ಮೂರರಲ್ಲಿ ಒಂದು ಪೆಟ್ಟು ಮಂಕಾಗಿ ಕೇಳಲೇಬೇಕು. ರೆಕಾರ್ಡಿಂಗಿನಲ್ಲಿ ಮೂರೂ ಒಂದೇ ಸಮ. ಉಗುರು ಆಮೇಲೆ, ಪೆಟ್ಟಿಗೆಯ ಕೊಂಡಿಗೆ ಸಿಕ್ಕಿ ಮುರಿದಿರಬಹುದು. ಇರಬಹುದು.

ಭಾನುವಾರ ಪಿಂಗ್‌ಪಾಂಗ್ ಚೆಂಡಿನ ಚೂರೊಂದನ್ನು ಕತ್ತರಿಸಿ ಉಗುರಿನ ಜಾಗಕ್ಕೆ ಅಂಟಿಸಿಕೊಂಡು ವೇದಿಕೆ ಹತ್ತಿದೆ. ನಮ್ಮವರು ಮಾಡುವ ಉಪಾಯವೇ ಅದು. ಸಭಾಂಗಣ ತುಂಬಿತ್ತು, ಹಿಂದೆ ಜನ ನಿಂತಿದ್ದರು. ಆದರೂ ಮುಂದಿನ ಸಾಲಿನ ನಡುವಿನ ಕುರ್ಚಿ ಖಾಲಿ ಇತ್ತು.

ಟ್ರೆಮೊಲೊ ಶುರುವಾದದ್ದು ನೆನಪಿದೆ. ಚಪ್ಪಾಳೆ ನೆನಪಿದೆ. ನಡುವಿನದು ಇಲ್ಲ.

ಕಚೇರಿ ಮುಗಿದ ಮೇಲೆ ಗಿರಿಜಮ್ಮ ಬಂದರು. ಮೂರು ಗಂಟೆಯ ಬಸ್ಸು ಹಿಡಿದು ಬಂದಿದ್ದರಂತೆ, ಜಾಗ ಸಿಗದೆ ಹಿಂದೆ ನಿಂತಿದ್ದರಂತೆ.

"ಮುಂದೆ ಒಂದು ಕುರ್ಚಿ ಖಾಲಿ ಇತ್ತಲ್ರೀ."

"ಯಾರೋ ಸೀಟು ಹಿಡ್ದಿದಾರೆ ಅಂದ್ಕಂಡೆ ಸಾರ್."

"ಟವೆಲ್ ಹಾಕಿದ್ರಾ?"

ಆಕೆ ಯೋಚಿಸಿದರು. "ಟವೆಲ್ ಇರ್ಲಿಲ್ಲ... ಆದ್ರೂ ಹಂಗೇ ಅನ್ಸ್ತು. ಎಲ್ರಿಗೂ ಹಂಗೇ ಅನ್ಸಿರ್ಬೇಕು." ಆಮೇಲೆ ದನಿ ತಗ್ಗಿಸಿ ಕೇಳಿದರು: "ಸಾರ್, ಕೊನೇದ್ರಲ್ಲಿ ನಿಮ್ ಬಲಗೈ ನಿಂತಂಗೆ ಕಾಣ್ತು ನಂಗೆ. ತೊಡೆ ಮೇಲೇ ಇತ್ತು. ದೂರಕ್ಕೆ ಹಂಗ್ ಕಾಣ್ತದಾ?"

"ಹೌದು. ಟ್ರೆಮೊಲೊ ಚೆನ್ನಾಗಿ ಬಂದ್ರೆ ಕೈ ಅಲ್ಲಾಡಿದ್ದೇ ಕಾಣಲ್ಲ" ಎಂದೆ. ಅದು ನಿಜ ಕೂಡ. ಆದರೆ ಆಗ ಕೈ ತಂತಿಯ ಮೇಲಿರುತ್ತದೆ, ತೊಡೆಯ ಮೇಲಲ್ಲ.

ಆಮೇಲೆ ತರೀಕೆರೆಯಲ್ಲಿ ಎರಡು ಸಲ ನುಡಿಸಿದ್ದೇನೆ. ಚೆನ್ನಾಗಿತ್ತು ಎನ್ನುತ್ತಾರೆ. ಮಾತ್ರೆ ಬಿಟ್ಟಿದ್ದೇನೆ, ಅದರ ಅಗತ್ಯ ಬೀಳುತ್ತಿಲ್ಲ. ಇಷ್ಟು ವರ್ಷ ಬಯಸಿದ್ದು ಸಿಕ್ಕಿದೆ, ಸಂತೋಷವೂ ಇಲ್ಲ, ಗಾಬರಿಯೂ ಇಲ್ಲ. ಮಹಡಿಯ ಕೋಣೆಯಲ್ಲಿ ಈಗ ಕುರ್ಚಿ ಇಡುವುದಿಲ್ಲ, ಎಲ್ಲರೂ ಚಾಪೆಯ ಮೇಲೆ ಕೂರುತ್ತೇವೆ.

ಮುರಿದ ಉಗುರು ಮತ್ತೆ ಬೆಳೆದಿದೆ. ಉಜ್ಜದಿದ್ದರೆ ವಾರದೊಳಗೆ ಅದರ ಅಂಚು ಒರಟಾಗಬೇಕು. ಒಂದು ಪರೀಕ್ಷೆ ಮಾಡೋಣವೆಂದು ಎರಡು ತಿಂಗಳ ಹಿಂದೆ ಸ್ಯಾಂಡ್‌ಪೇಪರನ್ನು ಎಸೆದುಬಿಟ್ಟೆ. ಅವತ್ತಿನಿಂದ ನಾನು ಉಗುರು ಉಜ್ಜಿಲ್ಲ. ಅದು ನನಗೆ ಖಚಿತ.

ಪ್ರತಿ ಬೆಳಿಗ್ಗೆ ಹೆಬ್ಬೆರಳಿನಿಂದ ಉಗುರಿನ ಅಂಚನ್ನು ಸವರಿ ನೋಡುತ್ತೇನೆ. ನುಣುಪಾಗಿರುತ್ತದೆ.