ಸುದ್ದಿಯ ಕೊನೆಯ ಸಾಲು

ನಿನ್ನೆ ಸಂಜೆ ಚಹಾಕ್ಕೆ ಶುಂಠಿ ಜಜ್ಜುತ್ತ ನಿಂತಿದ್ದೆ. ಅಡುಗೆಮನೆಯ ಕಿಟಕಿಯಿಂದ ಪಟಾಕಿ ಮದ್ದಿನ ವಾಸನೆ ಒಳಗೆ ಬಂತು. ದೀಪಾವಳಿ ಇನ್ನೂ ದೂರವಿದೆ. ಚುನಾವಣೆಯಾಗಲಿ ಕ್ರಿಕೆಟ್ ಆಗಲಿ ಇದ್ದ ಸುದ್ದಿ ನನಗೆ ತಿಳಿಯದು. ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ತರಕಾರಿ ಗಾಡಿಯವನ ಕೂಗು ಬಿಟ್ಟರೆ ಬೇರೆ ಗದ್ದಲವಿಲ್ಲ. ಏನಿರಬಹುದೆಂದು ಹೊರಗೆ ಬರುವಷ್ಟರಲ್ಲಿ ಎದುರು ಮನೆಯ ನಿವೃತ್ತ ಎಂಜಿನಿಯರರು ಪೇಢೆಯ ಡಬ್ಬಿ ಹಿಡಿದು ಗೇಟು ತೆರೆದು ಒಳಗೇ ಬಂದಿದ್ದರು.

“ಹೊಡದ ಹಾಕಿದ್ರು ನೋಡ್ರಿ ಟೀಚರ್! ನಮ್ಮ ಕಮಾಂಡೋಗಳು ಆ ಉಗ್ರರ ನಾಯಕನ ಅಡ್ಡಾದೊಳಗ ಹೊಕ್ಕು ಹೊಡದ ಹಾಕಿದ್ರು. ತಗೋರಿ, ಬಾಯಿ ಸಿಹಿ ಮಾಡ್ಕೋರಿ.”

“ನಮ್ಮವರಿಗೆ ಏನೂ ಆಗಲಿಲ್ಲವಷ್ಟೆ?” ಎಂದೆ.

“ಅದೇನೋ ನೋಡಲಿಲ್ರಿ,” ಎಂದು ಅವರು ಮುಂದಿನ ಮನೆಗೆ ನಡೆದರು.

ಒಳ್ಳೆಯ ಮನುಷ್ಯ. ನನ್ನ ಮೊಣಕಾಲು ನೋವಿಗೆ ಎಣ್ಣೆ ತಂದುಕೊಟ್ಟವರು. ಆದರೂ ಅವರ ಬೆನ್ನು ನೋಡುತ್ತ ನನಗೆ ಬಂದ ಸಿಟ್ಟು ಎಂಥದೆಂದರೆ ರಕ್ತದೊತ್ತಡದ ಗುಳಿಗೆ ಅಲ್ಲೇ ನುಂಗಬೇಕಾಯಿತು. ನನ್ನ ಸಿಟ್ಟಿಗೆ ಮನೆಯಲ್ಲಿ ಈಗ ಯಾರೂ ಹೆದರುವುದಿಲ್ಲ. ಬೆಕ್ಕು ಕೂಡ ಮಲಗಿದಲ್ಲಿಂದ ಏಳುವುದಿಲ್ಲ. ಆದರೆ ಈ ಒಂದು ಸಿಟ್ಟು ಹಳೆಯದು, ಎಂಬತ್ತರ ದಶಕದ ಇಳಕಲ್ಲಿನದು. ಕೂತುಕೊಳ್ಳಿ, ಹೇಳುತ್ತೇನೆ. ಅದು ಯಾವ ದಾಳಿ, ಸತ್ತವನು ಯಾರು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದೆನೆಂದರೆ ನೀವು ಅವನ ವಿಷಯಕ್ಕೇ ಹೋಗಿಬಿಡುತ್ತೀರಿ, ನಾನು ಹೇಳಬೇಕಾದವರು ಹಿಂದೆ ಉಳಿದುಬಿಡುತ್ತಾರೆ.

ನಾನು ತುಮಕೂರು ಕಡೆಯವಳು. ಶಾಲೆಯ ನೌಕರಿ ಸಿಕ್ಕಿ ಇಳಕಲ್ಲಿಗೆ ಬಂದಾಗ ನೀಲವ್ವ ಎಂಬ ನೇಕಾರ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆ ಮಗ್ಗ. ಬೆಳಗಾದರೆ ಅದರ ಲಟಪಟ ಸದ್ದು. ಮೊದಲ ತಿಂಗಳು ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ರಜೆಗೆಂದು ತುಮಕೂರಿಗೆ ಹೋದರೆ ಅದು ಕೇಳದೆ ಎಚ್ಚರವೇ ಆಗುತ್ತಿರಲಿಲ್ಲ. ನನ್ನ ಕನ್ನಡ ಆ ಮನೆಗೆ ದೊಡ್ಡ ತಮಾಷೆ. “ಅಕ್ಕೋರು ಮಾತಾಡಿದ್ರ ರೇಡಿಯೋ ಹಚ್ಚಿಧಂಗ ಆಕ್ಕೈತಿ,” ಎಂದು ನೀಲವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಾನು ರೊಟ್ಟಿ ಬಡಿಯಲು ಕೂತ ದಿನವಂತೂ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು. ರೊಟ್ಟಿಗೆ ಯಾವ ಆಕಾರ ಬಂದಿತ್ತೆಂದು ಈಗ ಹೇಳುವುದು ಬೇಡ.

ನೀಲವ್ವನ ಒಬ್ಬನೇ ಮಗ ಮಲ್ಲೇಶಪ್ಪ ಮಿಲಿಟರಿಯಲ್ಲಿದ್ದ. ಸೊಸೆ ಶಾಂತವ್ವ ಗುಡೂರಿನವಳು, ನನಗಿಂತ ಸ್ವಲ್ಪ ಚಿಕ್ಕವಳು. ಮಾತು ಕಡಿಮೆ. ಗಂಡ ರಜೆಯಲ್ಲಿ ಬಂದಾಗ ಮಾತ್ರ ಹಾಡು ಗುನುಗುತ್ತ ನೀರು ತರುತ್ತಿದ್ದಳು. ಹಿಂದಿನ ಸಲ ಬಂದಾಗ ಅವನು ತನ್ನನ್ನು ಬೇರೆ ತುಕಡಿಗೆ ಆರಿಸಿದ್ದಾರೆ, ಕಠಿಣ ಜಾಗಗಳಿಗೆ ಕಳಿಸುವ ತುಕಡಿ ಅದು ಎಂದು ಹೇಳಿದ್ದ. ಹೆಚ್ಚು ಕೇಳಿದರೆ ನಗುತ್ತಿದ್ದ. ಆ ನಗೆಯಿಂದಲೇ ಶಾಂತವ್ವನಿಗೆ ಅರ್ಧ ನಿದ್ದೆ ಹೋಗಿತ್ತು.

ಒಂದು ಸಂಜೆ ಅವಳು ರಾಟೆಯ ಮುಂದೆ ಕೂತು ಮಗ್ಗಕ್ಕೆ ಬೇಕಾದ ನೂಲು ಸುತ್ತುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಮಕ್ಕಳ ಶುದ್ಧಬರಹ ತಿದ್ದುತ್ತಿದ್ದೆ. ಗೂಡಿನಲ್ಲಿದ್ದ ರೇಡಿಯೋದಲ್ಲಿ ವಾರ್ತೆ ಬಂತು. ದೂರದ ಗುಡ್ಡಗಾಡಿನಲ್ಲಿ ನಮ್ಮ ವಿಶೇಷ ಪಡೆಯವರು ಉಗ್ರರ ಅಡಗುದಾಣಕ್ಕೆ ನುಗ್ಗಿ, ಬಹಳ ಕಾಲದಿಂದ ಬೇಕಾಗಿದ್ದ ಅವರ ನಾಯಕನನ್ನು ಕೊಂದಿದ್ದರು. ಆ ನಾಯಕ ಬಸ್ಸು ನಿಲ್ಲಿಸಿ ಪ್ರಯಾಣಿಕರನ್ನು ಇಳಿಸಿ ಕೊಲ್ಲಿಸಿದವನು. ಅವನ ಬಗ್ಗೆ ನನಗೆ ಆಗಲೂ ಮರುಕವಿರಲಿಲ್ಲ, ಈಗಲೂ ಇಲ್ಲ. ಸುದ್ದಿ ಮುಗಿಯುವ ಮೊದಲೇ ಓಣಿಯಲ್ಲಿ “ಹೋದ್ನಲೇ, ಹೋದ!” ಎಂಬ ಕೂಗು ಎದ್ದಿತು. ಯಾರೋ ಪಟಾಕಿ ಸರ ಹಚ್ಚಿದರು. ಆ ಗದ್ದಲದಲ್ಲಿ ಸುದ್ದಿಯ ಕೊನೆಯ ಸಾಲು ನನಗೆ ಕೇಳಲಿಲ್ಲ. ಶಾಂತವ್ವನಿಗೆ ಕೇಳಿತು. ರಾಟೆ ನಿಂತಿತು.

“ಅಕ್ಕೋರ, ನಮ್ಮವರೂ ಕೆಲವರು ತೀರಿಕೊಂಡಾರ ಅಂದ್ರು. ಹೆಸರು ಇನ್ನಾ ಗೊತ್ತಾಗಿಲ್ಲಂತ.”

ಮರುದಿನ ಪತ್ರಿಕೆ ಬಂತು. ಮುಖಪುಟದಲ್ಲಿ ಸತ್ತ ನಾಯಕನ ದೊಡ್ಡ ಚಿತ್ರ, ಅವನ ಹುಟ್ಟಿದೂರು, ಅವನ ಓದು, ಅವನು ಹೇಗೆ ಕೆಟ್ಟವನಾದ ಎಂಬ ಉದ್ದನೆಯ ಕಥೆ. ನಮ್ಮ ಕಡೆ ಸತ್ತವರ ಬಗ್ಗೆ ಕೆಳಗೆ ಒಂದೇ ವಾಕ್ಯ. ಊರಿನ ಚಹಾದಂಗಡಿಗಳಲ್ಲಿ ಆ ನಾಯಕನ ಅಜ್ಜನ ಹೆಸರು ಕೂಡ ಹೇಳುವವರು ಹುಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಯಾರೋ ಲೆಕ್ಕ ಹಾಕಿದರು: ವಿಶೇಷ ಪಡೆ ಅಂದಮೇಲೆ ನೀಲವ್ವನ ಮಗನೂ ಅಲ್ಲಿದ್ದಾನೆ. ಸಂಜೆಗೆ ಅದು ಬೆಳೆದು, ಗುಂಡು ಹೊಡೆದವನೇ ಇಳಕಲ್ಲಿನ ಮಲ್ಲೇಶಿ ಎಂದಾಯಿತು.

ನಮ್ಮ ಮನೆಗೆ ಮೆರವಣಿಗೆ ಬಂತು. ಮುಂದೆ ಹಲಗೆ ಬಾರಿಸುವವರು, ಹಿಂದೆ ಜನ, ನಡುವೆ ಪೇಟ ಸುತ್ತಿಕೊಂಡ ಒಬ್ಬ ಸೀರೆ ಅಂಗಡಿಯ ಸಾವಕಾರ. ಊರಿನ ಸಭೆ, ಸತ್ಕಾರ ಯಾವುದೇ ಇರಲಿ, ಕುರ್ಚಿಯ ಸಾಲಿನಲ್ಲಿ ನಡುವೆ ಕೂರುವವನು ಅವನು. ಅವನ ಕೈಯಲ್ಲಿ ಎರಡು ದಪ್ಪ ಹೂವಿನ ಹಾರ. ಒಂದು ತಾಯಿಗೆ, ಒಂದು ಹೆಂಡತಿಗೆ.

ನೀಲವ್ವ ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದಳು. ಬೆಳಗಿನ ಪೂಜೆ ಸಂಜೆಯಾದರೂ ಮುಗಿದಿರಲಿಲ್ಲ. ಶಾಂತವ್ವ ಬಾಗಿಲಿಗೆ ಬಂದಳು. ತಲೆಯ ಮೇಲೆ ಸೆರಗು, ಕೆಂಪಾದ ಕಣ್ಣು. ಸಾವಕಾರ ಹಾರ ಎತ್ತಿದ.

“ತಂಗಿ, ನೀ ವೀರನ ಹೆಣ್ತಿ. ಇಡೀ ತಾಲೂಕಿನ ಮಾನಾ ಹೆಚ್ಚಿಸ್ಯಾನ ನಿನ್ನ ಗಂಡ.”

ಶಾಂತವ್ವ ಹಾರವನ್ನು ಕೈಯಿಂದ ತಡೆದಳು. “ಸಾವಕಾರ್ರ, ಅವರು ಜೀವಂತ ಅದಾರೋ ಇಲ್ಲೋ? ಮೊದಲ ಅದನ್ನ ಹೇಳ್ರಿ.”

ಹಲಗೆ ನಿಂತಿತು. ಅಷ್ಟು ಜನರಲ್ಲಿ ಒಬ್ಬನಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ ಎಂಬುದು ಅವರ ಮುಖಗಳಲ್ಲೇ ಕಾಣುತ್ತಿತ್ತು. ಕೆಲವರು ತಲೆ ತಗ್ಗಿಸಿದರು. ಸಾವಕಾರ ಮಾತ್ರ ಸಾವರಿಸಿಕೊಂಡ.

“ಹಂಗೇನೂ ಆಗಿರಾಂಗಿಲ್ಲ ಬಿಡವಾ. ಒಂದ ವ್ಯಾಳೆ ಆಗಿದ್ರೂ ನೀ ಅಳಬಾರದು. ಊರಿಗೆ ಅದಕ್ಕಿಂತ ದೊಡ್ಡ ಗೌರವ ಯಾವುದೈತಿ? ಸರ್ಕಲ್‌ನಾಗ ಅವನ ಮೂರ್ತಿ ನಿಲ್ಲಸ್ತೇವಿ.”

“ನಿಮ್ಮ ಮಗನ ಮೂರ್ತಿ ನಿಲ್ಲಸ್ರಿ!”

ಅದು ಶಾಂತವ್ವನ ದನಿಯೆಂದು ನನಗೇ ನಂಬಲಾಗಲಿಲ್ಲ. ಅವಳು ಬಾಗಿಲು ಹಾಕಿಕೊಂಡಳು. ನನಗೂ ಮೈಯೆಲ್ಲ ಉರಿದುಹೋಗಿತ್ತು. ಕಟ್ಟೆಯ ಮೇಲೆ ನಿಂತು ಸಾವಕಾರನಿಗೆ ಸರಿಯಾಗಿ ಬೈಯಬೇಕೆಂದು ಬಾಯಿ ತೆರೆದೆ. ಹೊರಟಿದ್ದು “ತಮ್ಮ ಈ ವರ್ತನೆ ಅತ್ಯಂತ ಅನುಚಿತವಾದುದು, ದಯವಿಟ್ಟು ತಾವೆಲ್ಲರೂ ಇಲ್ಲಿಂದ ತೆರಳಬೇಕು” ಎಂದು. ಹಿಂದೆ ನಿಂತವರಿಗೆ ಇದು ಭಾಷಣವೆಂದೇ ಕೇಳಿಸಿರಬೇಕು, ಚಪ್ಪಾಳೆ ಹೊಡೆದರು. ಈಗ ನಗು ಬರುತ್ತದೆ. ಆಗ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ. ಮಗ್ಗ ನಿಂತಿತ್ತು. ಹುನಗುಂದದ ತಾಲೂಕು ಕಚೇರಿಯಲ್ಲಿ ಕೇಳಿದರೆ ಗೊತ್ತಾಗಬಹುದೆಂದು ಯಾರೋ ಅಂದದ್ದಕ್ಕೆ ನಾನೂ ಶಾಂತವ್ವನೂ ಬಸ್ಸು ಹತ್ತಿ ಹೋದೆವು. ಅಲ್ಲಿದ್ದ ಅಧಿಕಾರಿ ಕುರ್ಚಿ ಕೊಟ್ಟ, ಚಹಾ ತರಿಸಿದ, ಮತ್ತು ಕಣ್ಣರಳಿಸಿ ಕೇಳಿದ: “ಹೊಡದದ್ದು ನಿಮ್ಮ ಯಜಮಾನ್ರೇ ಏನ್ರಿ?” ಶಾಂತವ್ವ ಚಹಾ ಮುಟ್ಟದೆ ಎದ್ದು ಬಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. “ಇವರಿಗೆಲ್ಲಾ ಸತ್ತಾವನ ಮ್ಯಾಲೆ ಏನ್ ಅಕ್ಕರೀರಿ ಅಕ್ಕೋರ,” ಎಂದಷ್ಟೇ ಹೇಳಿದಳು.

ತಂತಿ ಬಂದದ್ದು ಒಂದು ಬೆಳಿಗ್ಗೆ. ತಂತಿಯೆಂದರೆ ಆಗ ಸಾವು ಎಂದೇ ಲೆಕ್ಕ. ಅಂಚೆಯವನನ್ನು ಕಂಡರೆ ಮನೆಯವರು ಎದೆ ಬಡಿದುಕೊಳ್ಳುತ್ತಾರೆಂದು ಗೊತ್ತಿದ್ದ ಆ ಪುಣ್ಯಾತ್ಮ ಓಣಿಯ ಬಾಯಿಯಲ್ಲೇ ಸೈಕಲ್ಲಿನಿಂದ ಇಳಿದು, ಕೈ ಮೇಲೆತ್ತಿ ಕೂಗುತ್ತ ಓಡಿ ಬಂದ: “ನೀಲವ್ವಾ, ಚೊಲೊ ಸುದ್ದಿ ಐತಿ! ಚೊಲೊ ಸುದ್ದಿ ಐತಿ!” ಆ ಇಡೀ ಪ್ರಕರಣದಲ್ಲಿ ಹೆಂಡತಿಗೆ, ತಾಯಿಗೆ ಹೇಗನ್ನಿಸೀತು ಎಂದು ಯೋಚಿಸಿದ ಗಂಡಸು ಅವನೊಬ್ಬನೇ. ಮಲ್ಲೇಶಪ್ಪ ಮಿಲಿಟರಿ ದವಾಖಾನೆಯಲ್ಲಿದ್ದ, ಜೀವಕ್ಕೆ ಅಪಾಯವಿರಲಿಲ್ಲ. ಶಾಂತವ್ವ ತಂತಿಯನ್ನು ನನ್ನಿಂದ ಎರಡು ಸಲ ಓದಿಸಿದಳು. ನೀಲವ್ವ ಅಂಚೆಯವನ ಬಾಯಿಗೆ ಸಕ್ಕರೆ ಹಾಕಿ, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದಳು.

ಅವನು ಮನೆಗೆ ಬಂದಾಗ ಗುರುತು ಸಿಗದಷ್ಟು ಇಳಿದಿದ್ದ. ಸಿಡಿತಕ್ಕೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಮಂದವಾಗಿತ್ತು. ಶಾಂತವ್ವ ಊಟಕ್ಕೆ ಬಡಿಸಿದಳು. ತಟ್ಟೆಯಲ್ಲಿ ಶೇಂಗಾ ಚಟ್ನಿ ನೋಡಿ ಅವನ ಕೈ ನಿಂತುಹೋಯಿತು.

“ಪ್ರೇಮ್ ಸಿಂಗಗ ಈ ಚಟ್ನಿ ಅಂದ್ರ ಜೀವ,” ಎಂದ. “ನೀ ಕಳಿಸಿದ್ದರಾಗ ಅರ್ಧಾ ಅಂವನ ತಿಂತಿದ್ದ.”

ಪ್ರೇಮ್ ಸಿಂಗ ಉತ್ತರದ ಬೆಟ್ಟದೂರಿನವನು. ಬಾಗಿಲು ಒಡೆದು ಒಳನುಗ್ಗುವಾಗ ಮಲ್ಲೇಶಪ್ಪನಿಗಿಂತ ಒಂದು ಹೆಜ್ಜೆ ಮುಂದಿದ್ದವನು. ಅದಕ್ಕಿಂತ ಹೆಚ್ಚು ನಾವು ಕೇಳಲಿಲ್ಲ.

ಊರು ಕೇಳಿತು. ಮೈದಾನದಲ್ಲಿ ಸತ್ಕಾರ ಸಭೆ ಇಟ್ಟರು. ಹೋಗುವುದಿಲ್ಲ ಎಂದು ಶಾಂತವ್ವ ಹಟ ಹಿಡಿದಳು. ಮಲ್ಲೇಶಪ್ಪ, “ಕರದಾರ, ಹೋಗಿ ಬರೂಣು. ಹೇಳೂದೈತಿ,” ಎಂದ. ನಮ್ಮ ಶಾಲೆಯ ಮಕ್ಕಳನ್ನೂ ಬಾವುಟ ಕೊಟ್ಟು ಸಾಲಾಗಿ ತಂದಿದ್ದರು. ವೇದಿಕೆಯ ಪಕ್ಕದಲ್ಲಿ ಹುಲ್ಲು ತುಂಬಿದ ಒಂದು ಮನುಷ್ಯಾಕೃತಿ, ಎದೆಗೆ ಪತ್ರಿಕೆಯಿಂದ ಕತ್ತರಿಸಿದ ಆ ನಾಯಕನ ಚಿತ್ರ. ಸಾವಕಾರ ಉದ್ದನೆಯ ಭಾಷಣ ಮಾಡಿ, ಶಾಲು ಹೊದಿಸಿ, ಮಲ್ಲೇಶಪ್ಪನ ಕೈಗೆ ಉರಿಯುವ ಪಂಜು ಕೊಟ್ಟ.

“ಹಚ್ಚಪಾ ಮಲ್ಲೇಶಿ. ಅಲ್ಲಿ ಹೆಂಗ ಹೊಡದಿ, ಮಂದಿಗೆ ನೀನ ಹೇಳಿ ಹಚ್ಚು.”

ಮಲ್ಲೇಶಪ್ಪ ಪಂಜನ್ನು ಹಿಂದಕ್ಕೆ ಕೊಟ್ಟು ಮೈಕಿನ ಮುಂದೆ ನಿಂತ. ಕಿವಿ ಕೇಳದವರ ಹಾಗೆ ದನಿ ತುಸು ಜೋರಾಗಿಯೇ ಇತ್ತು.

“ಅಂವ ಕೆಟ್ಟಾವನ. ಭಾಳ ಮಂದೀನ ಕೊಂದಾನ. ಹೊಡೀಬೇಕಿತ್ತು, ಹೊಡದ್ವಿ. ಅದು ನಮ್ಮ ಕೆಲಸರೀ. ಯಾರ ಗುಂಡು ತಾಗಿತೋ ನಮಗೂ ಗೊತ್ತಿಲ್ಲ. ಅವನ ಹೆಸರು ಇಲ್ಲಿ ಸಣ್ಣ ಹುಡುಗರಿಗೂ ಬರ್ತೈತಿ. ನನ್ನ ಬಾಜೂಕ ಪ್ರೇಮ್ ಸಿಂಗ ಅಂತ ಒಬ್ಬಾವ ಇದ್ದ. ಅಂವ ಇಲ್ಲಂದ್ರ ನಾ ಇಲ್ಲಿ ನಿಂತಿರ್ತಿರಲಿಲ್ಲ. ನಾ ಬಂದಾಗಿಂದ ಒಬ್ಬರೂ ಕೇಳಲಿಲ್ರಿ, ನಿಮ್ಮ ಕಡೆ ಯಾರು ಸತ್ರು ಅಂತ.”

ಇಷ್ಟು ಹೇಳಿ ನಿಲ್ಲಿಸಿದ. ಆ ಮೈದಾನ ಒಂದು ಗಳಿಗೆಯಾದರೂ ಸುಮ್ಮನಾದೀತೆಂದು ನಾನು ಕಾದೆ. ಇಲ್ಲ. ಚಪ್ಪಾಳೆ! ಸೀಟಿ! ಜಯಕಾರ! ಅವನು ಹೇಳಿದ್ದು ಒಂದಕ್ಷರವೂ ಒಳಗಿಳಿಯದೆ, ವೀರ ಏನೋ ವೀರವಾದದ್ದನ್ನೇ ಹೇಳಿರಬೇಕೆಂಬ ನಂಬಿಕೆಯಲ್ಲಿ ಜನ ಕುಣಿದರು. ಸಾವಕಾರ ತಾನೇ ಪಂಜು ತೆಗೆದುಕೊಂಡು ಹುಲ್ಲಿನ ಗೊಂಬೆಗೆ ಬೆಂಕಿಯಿಟ್ಟ. ನನ್ನ ತರಗತಿಯ ಮಕ್ಕಳು ಅದರ ಸುತ್ತ ಓಡಿದರು. ಮಲ್ಲೇಶಪ್ಪ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೆಂಡತಿಯ ಜೊತೆ ಹಿಂದಿನಿಂದ ಇಳಿದುಹೋದ. ಮರುದಿನ ಊರಲ್ಲಿ, “ಮಲ್ಲೇಶಿಗೆ ಸೊಕ್ಕು ಬಂದೈತಿ, ಸಾವಕಾರ್ರು ಹೊದಿಸಿದ ಶಾಲು ಬಿಟ್ಟ ಹ್ವಾದ” ಎಂಬ ಮಾತು. ಹೇಳಿ, ಸಿಟ್ಟು ಬಾರದೆ ಇರುತ್ತದೆಯೇ?

ನಾನು ಮುಂದೆ ಈ ಸೀಮೆಯವರನ್ನೇ ಮದುವೆಯಾಗಿ ಬಾಗಲಕೋಟೆಯವಳಾದೆ. ಮಲ್ಲೇಶಪ್ಪ ಸೇವೆ ಮುಗಿಸಿ ಬಂದು ಮಗ್ಗಕ್ಕೆ ಕೂತ. ನೀಲವ್ವ ತೀರಿಕೊಂಡು ಬಹಳ ವರ್ಷವಾಯಿತು.

ನಿನ್ನೆಯ ಸಿಟ್ಟು ಇಂದು ಬೆಳಿಗ್ಗೆಯೂ ಇಳಿಯಲಿಲ್ಲ. ಇಳಕಲ್ಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಜನ ಬದಲಾಗಿಲ್ಲ, ಅದೇ ಕುಣಿತ, ಅದೇ ಪೇಢೆ ಎಂದು ಮಲ್ಲೇಶಪ್ಪ, ಶಾಂತವ್ವರ ಮುಂದೆ ಹೇಳಿ ಹಗುರಾಗಬೇಕು ಎಂದುಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಗಂಡ ಹೆಂಡತಿ ಇಬ್ಬರೂ ಟಿವಿಯ ಮುಂದೆ ಚಾಪೆಯ ಮೇಲೆ ಕೂತಿದ್ದರು. ಟಿವಿಯ ದನಿ ಇರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ. ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದುತ್ತಿದ್ದ.

“ಬರ್ರಿ ಅಕ್ಕೋರ, ಕೂಡ್ರಿ,” ಎಂದಳು ಶಾಂತವ್ವ, ಸ್ವಲ್ಪ ಸರಿದು. “ನಿನ್ನಿಯಿಂದ ಹಿಂಗ ಕುಂತಾರ. ತೀರಿಕೊಂಡ ನಮ್ಮವರ ಹೆಸರು ಬರತನಕ ಏಳಾಂಗಿಲ್ಲಂತ.”

ಕನ್ನಡಕ ಹಾಕಿಕೊಂಡೆ. ಚಾಪೆಯ ಮೇಲೆ ಕೂತೆ. ಸತ್ತ ನಾಯಕನ ಮುಖ ಬಂತು, ಹೋಯಿತು, ಮತ್ತೆ ಬಂತು. ಅಡ್ಡಾದ ನಕಾಶೆ ಬಂತು. ಸಿಮೆಂಟಿನ ಜಾಹೀರಾತು, ಎಣ್ಣೆಯ ಜಾಹೀರಾತು. ಬಹಳ ಹೊತ್ತಿನ ಮೇಲೆ ಒಂದು ಹೆಸರು ಕೆಳಗಿನ ಸಾಲಿನಲ್ಲಿ ಬಲಗಡೆಯಿಂದ ಎಡಗಡೆಗೆ ಓಡಿಹೋಯಿತು. ಮಲ್ಲೇಶಪ್ಪ ಅದನ್ನು ದೊಡ್ಡ ದನಿಯಲ್ಲಿ ಓದಿದ. ಅದು ಎರಡನೇ ಸಲ ಬಂದಾಗ ನಾನೂ ಓದಿದೆ.

ಶಾಂತವ್ವ ನನ್ನ ಮೊಣಕೈ ಹಿಡಿದಳು.

“ಅಕ್ಕೋರ, ಟಿವ್ಯಾಗ ಹಾಕೂದಕ್ಕಿಂತ ಮೊದಲ ಅವನ ಹೆಣ್ತಿಗೆ ಹೇಳಿರ್ತಾರಲ್ರಿ?”